ಭೀಮಸೇನರ ಭೈರವಿ, ಬ್ಯಾಂಕ್ಸರ ಪಿಯಾನೋ

1988ರ ಆಗಸ್ಟ್ 15. ಕೆಂಪುಕೋಟೆಯಿಂದ ಪ್ರಧಾನಿಯ ಭಾಷಣ ಮುಗಿಯಿತು. ಅದರ ಬೆನ್ನಿಗೇ ದೂರದರ್ಶನ ಸುಮಾರು ಆರು ನಿಮಿಷದ ಒಂದು ಹಾಡನ್ನು ಬಿತ್ತರಿಸಿತು. ಗದಗದ ಭೀಮಸೇನ ಜೋಶಿಯವರ ದನಿಯಲ್ಲಿ ಶುರುವಾಗಿ, ಬಾಲಮುರಳಿಕೃಷ್ಣರ ದನಿಯನ್ನು ದಾಟಿ, ಹದಿನಾಲ್ಕು ಭಾಷೆಗಳನ್ನು ಸುತ್ತಿ, ಲತಾ ಮಂಗೇಶ್ಕರರ ದನಿಯಲ್ಲಿ ಅದು ಮುಗಿಯಿತು. ‘ಮಿಲೇ ಸುರ್ ಮೇರಾ ತುಮ್ಹಾರಾ’ ಎಂದರೆ ಮಿಕ್ಕದ್ದನ್ನು ನಾನು ಹೇಳಬೇಕಾಗಿಲ್ಲ. ಕನ್ನಡದ ಸಾಲು ಬಂದೊಡನೆ ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದೇ ಹೊರಗೆ ಬರುತ್ತಿದ್ದ ಮನೆಗಳು ಎಷ್ಟಿದ್ದವೋ.

ನಮ್ಮ ಗುರುಗ್ರಾಮದ ಆಫೀಸಿನಲ್ಲಿ ಒಮ್ಮೆ ಸ್ವಾತಂತ್ರ್ಯ ದಿನದ ಕ್ವಿಜ್ ನಡೆಯಿತು. ಈ ಹಾಡಿನಲ್ಲಿ ಹಾಡಿದವರು ಯಾರು, ಕಾಣಿಸಿಕೊಂಡವರು ಯಾರು ಎಂದು ಕೇಳಿದಾಗ ಉತ್ತರಗಳು ಎಲ್ಲ ಮೂಲೆಗಳಿಂದ ಬಂದವು. ವಾದ್ಯ ಸಂಯೋಜನೆ ಯಾರದು ಎಂದು ಕೇಳಿದಾಗ ಮಾತ್ರ ಸದ್ದಿಲ್ಲ. ಲೂಯಿಸ್ ಬ್ಯಾಂಕ್ಸ್ ಎಂದೆ. ‘ಜಾಝ್ ಪಿಯಾನೋ ನುಡಿಸುತ್ತಾರಲ್ಲ, ಅವರಾ? ಈ ಹಾಡಿಗಾ?’ ಎಂದು ಪಕ್ಕದ ಡೆಸ್ಕಿನ ಹುಡುಗಿ ಕೇಳಿದಳು. ಹೌದು, ಅವರೇ. ಆ ಪ್ರಶ್ನೆಯ ಹಿಂದೆ ಹೋದರೆ ನಮ್ಮ ದೇಶದ ಜನಪ್ರಿಯ ಹಾಡಿನ ಒಂದು ದೊಡ್ಡ ಚರಿತ್ರೆಯೇ ತೆರೆದುಕೊಳ್ಳುತ್ತದೆ. ದನಿಗಳಿಗೆ ಹೆಸರು ಸಿಕ್ಕ, ಕೈಗಳಿಗೆ ಸಿಗದ ಚರಿತ್ರೆ ಅದು. ಹೆಸರಿನ ಪ್ರಶ್ನೆ ಬರೀ ಮರ್ಯಾದೆಯ ಪ್ರಶ್ನೆಯೂ ಅಲ್ಲ, ಅದು ಹೇಗೆ ಕಾನೂನಿನ ಪ್ರಶ್ನೆಯಾಯಿತು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಬ್ಯಾಂಕ್ಸ್. 1941ರಲ್ಲಿ ಡಾರ್ಜಿಲಿಂಗಿನಲ್ಲಿ ಹುಟ್ಟಿದಾಗ ಅವರ ಹೆಸರು ಡಂಬರ್ ಬಹಾದೂರ್ ಬುಢಾಪೃಥಿ. ನೇಪಾಳಿ ಮನೆತನ. ತಂದೆ ಟ್ರಂಪೆಟ್ ವಾದಕರು, ಹೋಟೆಲು ಬ್ಯಾಂಡುಗಳಲ್ಲಿ ಜಾರ್ಜ್ ಬ್ಯಾಂಕ್ಸ್ ಎಂಬ ಹೆಸರಿನಲ್ಲಿ ನುಡಿಸುತ್ತಿದ್ದರು. ಮಗನಿಗೂ ಲೂಯಿಸ್ ಎಂಬ ಹೆಸರು ಬಂತು, ಲೂಯಿಸ್ ಆರ್ಮ್‌ಸ್ಟ್ರಾಂಗರ ನೆನಪಿಗೆ. ತಾತ ಬುಢಾಪೃಥಿ ನೇಪಾಳದ ಹಳೆಯ ರಾಷ್ಟ್ರಗೀತೆಗೆ ರಾಗ ಹಾಕಿದವರು. ಆ ದೇಶದಲ್ಲಿ ಅರಸೊತ್ತಿಗೆಯ ಕಾಲ ಮುಗಿಯುವವರೆಗೂ ಅದೇ ಗೀತೆ ನುಡಿಯುತ್ತಿತ್ತು. ತಾತ ಒಂದು ದೇಶದ ಅಧಿಕೃತ ಗೀತೆಗೆ, ಮೊಮ್ಮಗ ಇನ್ನೊಂದು ದೇಶದ ಅನಧಿಕೃತ ಗೀತೆಗೆ. ಇಂಥದ್ದನ್ನು ಕಥೆಯಲ್ಲಿ ಬರೆದರೆ ಸಂಪಾದಕರು ‘ಸ್ವಲ್ಪ ಅತಿಯಾಯಿತು’ ಎನ್ನುತ್ತಾರೆ.

ಕಠ್ಮಂಡುವಿನಲ್ಲಿ ನುಡಿಸಿ, ಕಲ್ಕತ್ತೆಗೆ ಇಳಿದು, ಪಾರ್ಕ್ ಸ್ಟ್ರೀಟಿನ ಬ್ಲೂ ಫಾಕ್ಸ್ ರೆಸ್ಟೋರೆಂಟಿನಲ್ಲಿ ಬ್ಯಾಂಕ್ಸ್ ತಮ್ಮ ಬ್ಯಾಂಡು ಕಟ್ಟಿದರು. ಗೋವಾದ ಸ್ಯಾಕ್ಸೋಫೋನ್ ವಾದಕ ಬ್ರಾಝ್ ಗೊನ್ಸಾಲ್ವಿಸ್, ಗಾಯಕಿ ಪ್ಯಾಮ್ ಕ್ರೇನ್ ಅವರೊಂದಿಗೆ ಇದ್ದರು. ಅಲ್ಲಿ ಅವರ ನುಡಿಸಾಣಿಕೆ ಆರ್.ಡಿ. ಬರ್ಮನ್ ಕಿವಿಗೆ ಬಿತ್ತು, ಬೊಂಬಾಯಿಯಿಂದ ಕರೆ ಬಂತು. ಅಷ್ಟರಲ್ಲಿ ಪಾರ್ಕ್ ಸ್ಟ್ರೀಟಿನ ರಾತ್ರಿಗಳೂ ತೆರಿಗೆಯ ಭಾರಕ್ಕೆ ಬಾಡತೊಡಗಿದ್ದವು. ಬೊಂಬಾಯಿಯಲ್ಲಿ ಸಿನಿಮಾ ಇತ್ತು, ಅದಕ್ಕಿಂತ ಹೆಚ್ಚಾಗಿ ಜಾಹೀರಾತು ಇತ್ತು. ಮೂವತ್ತು ಸೆಕೆಂಡಿನ ಜಿಂಗಲ್‌ಗಳನ್ನು ಬ್ಯಾಂಕ್ಸ್ ರಾಶಿ ರಾಶಿಯಾಗಿ ಮಾಡಿದರು. ‘ಮಿಲೇ ಸುರ್’ ಹುಟ್ಟಿದ್ದೂ ಆ ಜಾಹೀರಾತಿನ ಜನರ ನಡುವೆಯೇ. ಸಾಹಿತ್ಯ ಪೀಯೂಷ್ ಪಾಂಡೆ, ಚಿತ್ರೀಕರಣ ಕೈಲಾಶ್ ಸುರೇಂದ್ರನಾಥ್, ಯೋಜನೆಯ ಹಿಂದೆ ಸುರೇಶ್ ಮಲ್ಲಿಕ್. ಭೈರವಿಯ ಬುನಾದಿ ಭೀಮಸೇನರದು, ಸ್ವರ ಸಂಯೋಜನೆ ಅಶೋಕ್ ಪತ್ಕಿ, ವಾದ್ಯ ಸಂಯೋಜನೆ ಬ್ಯಾಂಕ್ಸ್. ಯಾರ ಪಾಲು ಎಷ್ಟು ಎಂಬುದನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಬರೆದಿದ್ದಾರೆ. ಹಾಡಿದವರ ವಿಷಯದಲ್ಲಿ ಮಾತ್ರ ಯಾರಿಗೂ ಗೊಂದಲವಿಲ್ಲ.

ವಾದ್ಯ ಸಂಯೋಜಕ, ಅಂದರೆ ಸ್ಟುಡಿಯೋದವರ ಬಾಯಲ್ಲಿ ಅರೇಂಜರ್, ಮಾಡುವುದಾದರೂ ಏನು? ಭೈರವಿಯಲ್ಲಿ ರಿ, ಗ, ಧ, ನಿ ನಾಲ್ಕೂ ಕೋಮಲ. ಕರ್ನಾಟಕ ಸಂಗೀತ ಕೇಳಿದವರಿಗೆ ತೋಡಿಯ ಸ್ವರಗಳು, ಆದರೆ ನಡೆ ಸಿಂಧುಭೈರವಿಯ ಹತ್ತಿರ. ಠುಮ್ರಿಯಲ್ಲಿ ಬಂದಾಗ ಈ ರಾಗ ಹನ್ನೆರಡು ಸ್ವರಗಳನ್ನೂ ಮನೆಯೊಳಗೆ ಬಿಟ್ಟುಕೊಳ್ಳುವಷ್ಟು ಉದಾರಿ. ರಾಗ ಒಂದು ಸ್ವರದ ಹಿಂದೆ ಇನ್ನೊಂದು ಎಂದು ಸಾಲಾಗಿ ನಡೆಯುತ್ತದೆ. ಜಾಝ್ ಕಲಿತವರ ಕಿವಿ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ, ಒಂದರ ಮೇಲೊಂದು ಕೇಳಿಸಿಕೊಳ್ಳುತ್ತದೆ. ಹಾಡುವವರ ಒಂದೊಂದು ಸ್ವರದ ಕೆಳಗೂ ಯಾವ ಸ್ವರಗುಚ್ಛ ಹಾಸಿದರೆ ರಾಗ ಕೆಡದೆ ಅಗಲವಾಗುತ್ತದೆ, ಕಾಶ್ಮೀರದ ಲಯದಿಂದ ಪಂಜಾಬಿನ ಲಯಕ್ಕೆ ಎರಡು ಮೂರು ಸೆಕೆಂಡುಗಳಲ್ಲಿ ಎಡವದೆ ದಾಟುವುದು ಹೇಗೆ, ಎಲ್ಲಿ ಪಿಟೀಲುಗಳು ಏಳಬೇಕು, ಎಲ್ಲಿ ಎಲ್ಲವೂ ಸುಮ್ಮನಾಗಿ ದನಿಯೊಂದೇ ಉಳಿಯಬೇಕು, ಕೊನೆಯಲ್ಲಿ ರಾಷ್ಟ್ರಗೀತೆಯ ಎಳೆ ಹೇಗೆ ಬಂದು ಕೂಡಬೇಕು: ಇದೆಲ್ಲ ಯಾರೋ ಕೂತು ಬರೆದದ್ದು. ಈಗ ಒಮ್ಮೆ ಹಾಡುಗಳನ್ನೆಲ್ಲ ಬದಿಗಿಟ್ಟು ವಾದ್ಯಗಳನ್ನಷ್ಟೇ ಕೇಳಿ ನೋಡಿ. ಅಷ್ಟು ಭಾಷೆಗಳನ್ನು ಒಂದೇ ದಾರಕ್ಕೆ ಪೋಣಿಸಿದವರು ಯಾರು ಎಂಬುದು ಕಿವಿಗೇ ಗೊತ್ತಾಗುತ್ತದೆ.

ಬ್ಯಾಂಕ್ಸ್ ಈ ಕೆಲಸದಲ್ಲಿ ಮೊದಲಿಗರಲ್ಲ. ಮೂವತ್ತರ ದಶಕದಲ್ಲಿ ಬೊಂಬಾಯಿಯ ತಾಜ್ ಹೋಟೆಲಿಗೆ ಅಮೆರಿಕದ ಕಪ್ಪು ಜಾಝ್ ವಾದಕರು ಬಂದು ನುಡಿಸಿದರು. ಪಿಯಾನೋ ವಾದಕ ಟೆಡ್ಡಿ ವೆದರ್‌ಫೋರ್ಡ್ ಇಲ್ಲೇ ಉಳಿದು, 1945ರಲ್ಲಿ ಕಲ್ಕತ್ತೆಯಲ್ಲಿ ಕಾಲರಾದಿಂದ ತೀರಿಕೊಂಡರು. ಅವರಿಂದ ಕಲಿತವರಲ್ಲಿ ಗೋವಾದವರು ಹೆಚ್ಚು. ಅದಕ್ಕೆ ಕಾರಣ ಸರಳ: ಪೋರ್ಚುಗೀಸರ ಕಾಲದ ಚರ್ಚಿನ ಶಾಲೆಗಳಲ್ಲಿ ಮಕ್ಕಳಿಗೆ ಅಕ್ಷರದ ಜೊತೆಗೇ ಪಾಶ್ಚಾತ್ಯ ಸ್ವರಲಿಪಿಯನ್ನೂ ಕಲಿಸುತ್ತಿದ್ದರು. ಅತ್ತ ಹಿಂದಿ ಚಿತ್ರಗಳ ಸಂಗೀತ ನಿರ್ದೇಶಕರಲ್ಲಿ ಬಹಳ ಮಂದಿ ಕೇಳಿ ಕಲಿತವರು. ಹಾರ್ಮೋನಿಯಂ ಮೇಲೆ ಧಾಟಿ ಹುಟ್ಟುತ್ತಿತ್ತು, ಆದರೆ ನಲವತ್ತು ಐವತ್ತು ಜನರ ವಾದ್ಯವೃಂದ ಒಟ್ಟಿಗೆ ನುಡಿಸಬೇಕಾದರೆ ಕಾಗದದ ಮೇಲೆ ಬರೆದು ಕೊಡುವವರು ಬೇಕು. ಆ ಬರೆಯುವ ಕೈ ಗೋವಾದವರದಾಯಿತು. 1949ರ ಬೊಂಬಾಯಿ ಪಾನನಿಷೇಧ ಕಾಯ್ದೆ ಹೋಟೆಲು ಬ್ಯಾಂಡುಗಳ ಹೊಟ್ಟೆಯ ಮೇಲೆ ಹೊಡೆದದ್ದು ಇನ್ನೊಂದು ಕಾರಣ. ರಾತ್ರಿಯ ಕೆಲಸ ಕಮ್ಮಿಯಾದಾಗ ಹಗಲಿನ ಸ್ಟುಡಿಯೋ ಕೈಹಿಡಿಯಿತು.

ಆಲ್ದೋನಾ ಊರಿನ ಆಂತೋನಿಯೋ ಷಾವಿಯೇರ್ ವಾಸ್ ಎಂದರೆ ಯಾರಿಗೂ ಗುರುತು ಹತ್ತುವುದಿಲ್ಲ. ಚಿಕ್ ಚಾಕಲೇಟ್ ಎಂದರೆ ಹಳೆಯ ಬೊಂಬಾಯಿಯವರ ಮುಖ ಅರಳುತ್ತದೆ. ಆರ್ಮ್‌ಸ್ಟ್ರಾಂಗರ ಹಾಗೆ ಟ್ರಂಪೆಟ್ ನುಡಿಸಿ, ಅವರ ಹಾಗೆ ಕರವಸ್ತ್ರ ಹಿಡಿದು ಬೆವರೊರೆಸಿಕೊಳ್ಳುತ್ತಿದ್ದರಂತೆ. ಸಿ. ರಾಮಚಂದ್ರ ಅವರನ್ನು ಜೊತೆಗೆ ಕರೆದುಕೊಂಡರು. 1951ರ ‘ಅಲ್ಬೇಲಾ’ದಲ್ಲಿ ಚಿಕ್ ತಮ್ಮ ತಂಡದೊಂದಿಗೆ ತೆರೆಯ ಮೇಲೂ ಇದ್ದಾರೆ. ಲತಾ ಹಾಡುತ್ತಾರೆ, ಹಿಂದೆ ಟ್ರಂಪೆಟ್ಟು ಕಿಲಕಿಲ ನಗುತ್ತದೆ. ದೇಶವೆಲ್ಲ ಕುಣಿಯಿತು. ಲತಾರ ದನಿಗೆ ಆ ಹಾಡುಗಳಲ್ಲಿ ಬಂದ ತುಂಟತನದಲ್ಲಿ ಅರ್ಧ ಪಾಲು ಆ ಟ್ರಂಪೆಟ್ಟಿನದು ಎಂದು ನಾನು ನಂಬಿದ್ದೇನೆ.

ಶಂಕರ್–ಜೈಕಿಶನ್‌ಗೆ ವಾದ್ಯ ಸಂಯೋಜನೆ ಮಾಡಿದ ಸೆಬಾಸ್ಟಿಯನ್ ಡಿಸೋಜ ದೇಶ ವಿಭಜನೆಗೆ ಮೊದಲು ಲಾಹೋರಿನ ಹೋಟೆಲೊಂದರಲ್ಲಿ ಬ್ಯಾಂಡು ನಡೆಸುತ್ತಿದ್ದವರು. ಅದೇ ಶಂಕರ್–ಜೈಕಿಶನ್ 1968ರಲ್ಲಿ ‘ರಾಗ ಜಾಝ್ ಸ್ಟೈಲ್’ ಎಂಬ ತಟ್ಟೆ ತಂದರು: ರಯೀಸ್ ಖಾನರ ಸಿತಾರ್, ಮನೋಹಾರಿ ಸಿಂಗರ ಸ್ಯಾಕ್ಸೋಫೋನ್, ಹನ್ನೊಂದು ರಾಗಗಳು. ಅದರಲ್ಲಿ ಹಾಡುವವರೇ ಇಲ್ಲ. ಸಿನಿಮಾ ಹಾಡುಗಳ ಹಿಂದೆ ವರ್ಷಗಟ್ಟಲೆ ಬಾಗಿ ನಿಂತಿದ್ದವರು ಒಮ್ಮೆ ಬೆನ್ನು ನೆಟ್ಟಗೆ ಮಾಡಿಕೊಂಡಂತೆ ಇದೆ ಆ ತಟ್ಟೆ.

ಇನ್ನು ಆಂಥೋನಿ ಗೊನ್ಸಾಲ್ವಿಸ್. ಅವರು ಜಾಝ್‌ನವರು ಎನ್ನುವುದಕ್ಕಿಂತ ಪಿಟೀಲಿನವರು, ಸಿಂಫನಿಯ ಕನಸು ಕಂಡವರು. ಮಜೋರ್ಡಾ ಊರಿನವರು. 1958ರಲ್ಲಿ ಬೊಂಬಾಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನ ಅಂಗಳದಲ್ಲಿ ದೊಡ್ಡ ವಾದ್ಯವೃಂದ ಸೇರಿಸಿ, ಲತಾ ಮತ್ತು ಮನ್ನಾ ಡೇ ಅವರಿಂದ ರಾಗ ಆಧಾರಿತ ರಚನೆಗಳನ್ನು ಹಾಡಿಸಿದರು. ಪ್ಯಾರೇಲಾಲ್ ಅವರ ಶಿಷ್ಯರು, ಆರ್.ಡಿ. ಬರ್ಮನ್ ಕೂಡ. 1977ರಲ್ಲಿ ‘ಅಮರ್ ಅಕ್ಬರ್ ಆಂಥೋನಿ’ ಬಂದಾಗ ಪ್ಯಾರೇಲಾಲ್ ಗುರುಗಳ ಹೆಸರನ್ನು ಹಾಡಿನೊಳಗೇ ಇಟ್ಟುಬಿಟ್ಟರು. ಅಮಿತಾಭ್ ದೊಡ್ಡದೊಂದು ಮೊಟ್ಟೆಯಿಂದ ಹೊರಬಂದು ತನ್ನ ಪೂರ್ತಿ ಹೆಸರು ಹೇಳಿಕೊಳ್ಳುವ ಹಾಡು. ಅದು ನಿಜವಾದ ಒಬ್ಬ ಸಂಗೀತಗಾರರ ಹೆಸರು ಎಂಬುದು ಕೋಟ್ಯಂತರ ಜನರಿಗೆ ಹೊಳೆಯಲೇ ಇಲ್ಲ. ಹೆಸರು ದೇಶದಲ್ಲೆಲ್ಲ ಹರಡಿತು, ಮನುಷ್ಯ ಮಜೋರ್ಡಾದಲ್ಲಿ ಸದ್ದಿಲ್ಲದೆ ಇದ್ದು 2012ರಲ್ಲಿ ತೀರಿಕೊಂಡರು.

ಇದೆಲ್ಲ ಓದಿ, ವಾದ್ಯದವರು ಯಾವಾಗಲೂ ಪಾಪದವರು, ಹಾಡುವವರು ಯಾವಾಗಲೂ ಮೇಲಿನವರು ಎಂದುಕೊಳ್ಳಬಾರದು. ಕೊಂಕಣಿಯ ಕಥೆ ಬೇರೆಯೇ ಇದೆ. ಟ್ರಂಪೆಟ್ ವಾದಕ ಕ್ರಿಸ್ ಪೆರಿ ಮತ್ತು ಗಾಯಕಿ ಲೋರ್ನಾ ಕೊರ್ದೇರೊ ಬೊಂಬಾಯಿಯ ಚರ್ಚ್‌ಗೇಟ್ ಬಳಿಯ ಆಸ್ಟೋರಿಯಾ ಹೋಟೆಲಿನ ವೆನಿಸ್ ರೆಸ್ಟೋರೆಂಟಿನಲ್ಲಿ ಜಾಝ್ ಹಾಡಿ ನುಡಿಸುತ್ತಿದ್ದರು. ಅದೇ ಜೋಡಿ ಕೊಂಕಣಿಯಲ್ಲಿ ತಟ್ಟೆಗಳನ್ನು ತಂದಿತು. ಮಂಗಳೂರು, ಉಡುಪಿ, ಕಾರವಾರದ ಕಡೆಯ ಗೆಳೆಯರನ್ನು ಕೇಳಿ, ಮದುವೆಯ ಮನೆಯಲ್ಲಿ ಆ ಹಾಡುಗಳಿಲ್ಲದೆ ರೋಸ್ ಮುಗಿಯುವುದಿಲ್ಲ. ಇಲ್ಲಿ ಹಾಡು ಕಟ್ಟಿದವರೂ, ಬ್ಯಾಂಡು ನಡೆಸಿದವರೂ, ನಿರ್ಧಾರ ಮಾಡಿದವರೂ ಪೆರಿ. ಇಬ್ಬರ ಸಂಬಂಧ ಮುರಿದ ಮೇಲೆ ಲೋರ್ನಾ ಎರಡು ದಶಕಕ್ಕೂ ಹೆಚ್ಚು ಕಾಲ ವೇದಿಕೆಯಿಂದ ದೂರವಿದ್ದರು. 1995ರಲ್ಲಿ ‘ಹಲೋ ಲೋರ್ನಾ’ ಎಂಬ ಕ್ಯಾಸೆಟ್ಟಿನೊಂದಿಗೆ ಮರಳಿ ಬಂದರು. ಇವರಿಬ್ಬರ ಬದುಕನ್ನು ನೆನಪಿಸುವ ‘ನಾಚುಂಯಾ ಕುಂಪಾಸರ್’ ಚಿತ್ರ 62ನೇ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಕೊಂಕಣಿ ಚಿತ್ರವಾಯಿತು. ಸಬ್‌ಟೈಟಲ್ ಇಟ್ಟುಕೊಂಡಾದರೂ ನೋಡಬೇಕಾದ ಚಿತ್ರ. ಕಟ್ಟಿಕೊಟ್ಟವರ ಕೈ ಹಾಡುವವರ ಕತ್ತಿನ ಮೇಲೂ ಕೂರಬಹುದು ಎಂಬುದು ಅದರಲ್ಲಿ ಕಾಣುತ್ತದೆ.

ಕನ್ನಡದಲ್ಲಿ ಈ ಕೆಲಸ ನಡೆದದ್ದು ಮದ್ರಾಸಿನ ಸ್ಟುಡಿಯೋಗಳಲ್ಲಿ, ಬಹುಪಾಲು ಜಿ.ಕೆ. ವೆಂಕಟೇಶರ ಕೈಯಲ್ಲಿ. 1968ರ ‘ಜೇಡರ ಬಲೆ’ಯಲ್ಲಿ ರಾಜಕುಮಾರ್ ಸಿಐಡಿ 999 ಆದರು. ಬಾಂಡ್ ಮಾದರಿಯ ಪತ್ತೇದಾರನಿಗೆ ತಂಬೂರಿ ಹಿಡಿಸಲಾಗುವುದಿಲ್ಲವಲ್ಲ. ಟ್ರಂಪೆಟ್, ಸ್ಯಾಕ್ಸೋಫೋನ್, ಬಾಂಗೋ, ಎಲೆಕ್ಟ್ರಿಕ್ ಗಿಟಾರು ಕನ್ನಡದ ಕಿವಿಗೆ ಪತ್ತೇದಾರನ ಜೊತೆಗೇ ಬಂದವು. ಆ ಸರಣಿಯ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ರಾಜಕುಮಾರ್ ಇಂಗ್ಲಿಷಿನಲ್ಲಿ ಹಾಡಿದರು. ಇಂದಿಗೂ ಸಂಘದ ಕಾರ್ಯಕ್ರಮಗಳಲ್ಲಿ ಯಾರಾದರೂ ಒಬ್ಬರು ಅದನ್ನು ಎತ್ತದೆ ಬಿಡುವುದಿಲ್ಲ. ಎಲ್ಲರೂ ನಗುತ್ತ ಹಾಡುತ್ತಾರೆ, ಆದರೆ ರಾಜಕುಮಾರರ ದನಿಯ ಕೆಳಗೆ ತಂತಿ ವಾದ್ಯಗಳೂ ಬ್ರಾಸ್ ವಾದ್ಯಗಳೂ ಏನು ಮಾಡುತ್ತಿವೆ ಎಂದು ಒಮ್ಮೆ ಕೇಳಿದರೆ ನಗು ನಿಂತು ಬೆರಗು ಬರುತ್ತದೆ. ವೆಂಕಟೇಶರ ತಂಡದಲ್ಲಿ ಗಿಟಾರು ನುಡಿಸಿ ಸಹಾಯಕರಾಗಿದ್ದ ಹುಡುಗ ಇಳಯರಾಜಾ ಎಂಬುದು ನಮಗೆ ಗೊತ್ತು, ಏಕೆಂದರೆ ಅವರು ಮುಂದೆ ಇಳಯರಾಜಾ ಆದರು. ಅವರ ಪಕ್ಕದ ಕುರ್ಚಿಯಲ್ಲಿ ಟ್ರಂಪೆಟ್ ಹಿಡಿದು ಕೂತಿದ್ದವರ ಹೆಸರು ತಟ್ಟೆಯ ಮೇಲೆ ಇಲ್ಲ.

ಬೆಂಗಳೂರಿನಲ್ಲಿ ಜಾಝ್ ಬೇರೊಂದು ಬಾಗಿಲಿನಿಂದ ಬಂತು. ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ‘ಜ್ಯೋತಿ’ ಎಂಬ ಆಲ್ಬಂ ಮಾಡಿದರು, 1983ರಲ್ಲಿ. ನಮ್ಮ ಬ್ಯಾಂಕ್ಸ್ ಕೂಡ ‘ಸಂಗಮ್’ ತಂಡ ಕಟ್ಟಿದಾಗ ರಮಾಮಣಿಯವರನ್ನೇ ಕರೆದುಕೊಂಡು ಯೂರೋಪು ಸುತ್ತಿದರು. ಮುಂದೆ ‘ಬ್ರೆತ್‌ಲೆಸ್’ ಖ್ಯಾತಿಯ ಶಂಕರ್ ಮಹಾದೇವನ್ ಜೊತೆ ‘ಸಿಲ್ಕ್’ ತಂಡದಲ್ಲಿ ನುಡಿಸಿದರು. ಇಂಥ ಕೂಟಗಳಲ್ಲಿ ಎಲ್ಲರ ಹೆಸರೂ ಹೊದಿಕೆಯ ಮೇಲೆ ಇರುತ್ತದೆ. ಕೊಳ್ಳುವವರು ಮಾತ್ರ ಕಮ್ಮಿ.

ದೆಹಲಿಗೆ ಬರೋಣ. ಈ ಊರಿನಲ್ಲಿ ಬೊಂಬಾಯಿಯಂಥ ಸಿನಿಮಾ ಸ್ಟುಡಿಯೋ ಇರಲಿಲ್ಲ. ಹಾಗಾಗಿ ಜಾಝ್ ಮತ್ತು ಜನಪ್ರಿಯ ಹಾಡು ಇಲ್ಲಿ ಸಂಧಿಸಿದ್ದು ಎರಡೇ ಕಡೆ: ಹೋಟೆಲಿನಲ್ಲಿ ಮತ್ತು ಸರ್ಕಾರದ ಅಂಗಳದಲ್ಲಿ. ಮದ್ರಾಸಿನ ನೈನ್ ಜೆಮ್ಸ್‌ನಲ್ಲಿ ಶುರುಮಾಡಿ, ಕಲ್ಕತ್ತೆಯ ಟ್ರಿಂಕಾಸ್‌ನಲ್ಲಿ ಸೀರೆಯುಟ್ಟು ಜಾಝ್ ಹಾಡಿ ಹೆಸರು ಮಾಡಿದ ಉಷಾ ಅಯ್ಯರ್, ನಮಗೆಲ್ಲ ಗೊತ್ತಿರುವ ಉಷಾ ಉತುಪ್, ಆಮೇಲೆ ದೆಹಲಿಯ ಒಬೆರಾಯ್ ಹೋಟೆಲಿನಲ್ಲಿ ಹಾಡುತ್ತಿದ್ದರು. ಅಲ್ಲಿ ನವಕೇತನ್ ಚಿತ್ರ ಸಂಸ್ಥೆಯವರು ಅವರನ್ನು ಕೇಳಿದರು, 1971ರ ‘ಹರೇ ರಾಮ ಹರೇ ಕೃಷ್ಣ’ದಲ್ಲಿ ಆರ್.ಡಿ. ಬರ್ಮನ್ ಸಂಗೀತಕ್ಕೆ ಅವರ ದನಿ ಸೇರಿತು. ಹೋಟೆಲಿನಲ್ಲಿ ಅವರ ಹಿಂದೆ ನಿಂತು ನುಡಿಸಿದವರು ಮರುದಿನ ಸಂಜೆ ಬೇರೆ ದನಿಯ ಹಿಂದೆ ನುಡಿಸಿರಬೇಕು.

ಸರ್ಕಾರದ ಅಂಗಳ ಎಂದೆ. 1963ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಡ್ಯೂಕ್ ಎಲಿಂಗ್ಟನ್‌ರ ತಂಡವನ್ನು ಪೂರ್ವ ದೇಶಗಳಿಗೆ ಕಳಿಸಿತು. ಶೀತಲ ಸಮರದ ದಿನಗಳು, ಟ್ರಂಪೆಟ್ಟು ಕೂಡ ರಾಯಭಾರಿಯೇ. ದೆಹಲಿಗೆ ಬಂದಾಗ ಎಲಿಂಗ್ಟನ್‌ಗೆ ಕಾಯಿಲೆಯಾಗಿ ಆಸ್ಪತ್ರೆ ಸೇರಿದರು. ಪಿಯಾನೋದ ಮುಂದೆ ಬಿಲ್ಲಿ ಸ್ಟ್ರೇಹಾರ್ನ್ ಕೂತರು. ಜಾಝ್ ಚರಿತ್ರೆಯಲ್ಲಿ ಈ ಸ್ಟ್ರೇಹಾರ್ನ್ ನಮ್ಮ ಈ ಕಥೆಗೆ ಹೇಳಿಮಾಡಿಸಿದವರು: ಎಲಿಂಗ್ಟನ್ ಹೆಸರಿನಲ್ಲಿ ಜಗತ್ತು ಕೇಳಿದ ಎಷ್ಟೋ ರಚನೆಗಳ ಹಿಂದಿನ ಕೈ ಅವರದು. ಆ ಪ್ರವಾಸದಿಂದ ‘ಫಾರ್ ಈಸ್ಟ್ ಸೂಟ್’ ಎಂಬ ಆಲ್ಬಂ ಹುಟ್ಟಿತು, 1966ರಲ್ಲಿ ಧ್ವನಿಮುದ್ರಣವಾಯಿತು. ಅದರಲ್ಲಿ ‘ಬ್ಲೂಬರ್ಡ್ ಆಫ್ ಡೆಲ್ಲಿ’ ಎಂಬ ರಚನೆ ಇದೆ, ಜೊತೆಗೆ ‘ಮೈನಾ’ ಎಂಬ ಉಪಶೀರ್ಷಿಕೆ. ದೆಹಲಿಯ ಮೈನಾ ಹಕ್ಕಿಯೊಂದರ ಕೂಗನ್ನು ಕ್ಲ್ಯಾರಿನೆಟ್ಟು ಅದರಲ್ಲಿ ಮತ್ತೆ ಮತ್ತೆ ನುಡಿಯುತ್ತದೆ. ಗೊರವಂಕದ ಹೆಸರು ತಟ್ಟೆಯ ಮೇಲೆ ಬಂತು, ಅಷ್ಟು ಭಾಗ್ಯ ನಮ್ಮ ಎಷ್ಟು ವಾದಕರಿಗಿತ್ತು?

ಈಗ ಆ ಕಾನೂನಿನ ಮಾತು. ಹಾಡಿನ ಮೇಲೆ ಹಾಡಿದವರಿಗೂ ಹಕ್ಕಿರಬೇಕು ಎಂದು ಲತಾ ಅರವತ್ತರ ದಶಕದಲ್ಲೇ ಹಟ ಹಿಡಿದಿದ್ದರು. ಅದೇ ವಿಷಯಕ್ಕೆ ರಫಿಯವರೊಂದಿಗೆ ಮಾತು ಬಿಟ್ಟು, ವರ್ಷಗಳ ಕಾಲ ಜೊತೆಯಲ್ಲಿ ಹಾಡಲಿಲ್ಲ. 2012ರ ಮೇ ತಿಂಗಳಲ್ಲಿ ಇಲ್ಲೇ, ಸಂಸತ್ತಿನಲ್ಲಿ, ಕೃತಿಸ್ವಾಮ್ಯ ಕಾಯ್ದೆಯ ತಿದ್ದುಪಡಿ ಪಾಸಾಯಿತು. ರಾಜ್ಯಸಭೆಯಲ್ಲಿ ಜಾವೇದ್ ಅಖ್ತರ್ ಅದರ ಪರ ಮಾತಾಡಿದರು. ಸಾಹಿತ್ಯ ಬರೆದವರು, ಸಂಗೀತ ಕೊಟ್ಟವರು ತಮ್ಮ ರಾಯಧನದ ಹಕ್ಕನ್ನು ನಿರ್ಮಾಪಕರಿಗೆ ಬರೆದುಕೊಟ್ಟು ಕೈತೊಳೆದುಕೊಳ್ಳುವ ಹಾಗಿಲ್ಲ ಎಂದಾಯಿತು. ಪ್ರದರ್ಶಕರಿಗೂ, ಅಂದರೆ ಹಾಡುವವರಿಗೂ ನುಡಿಸುವವರಿಗೂ, ಪಾಲು ಬಂತು. ಒಳ್ಳೆಯದೇ. ಆದರೆ ಅದೇ ತಿದ್ದುಪಡಿ ‘ಪ್ರದರ್ಶಕ’ ಯಾರು ಎಂದು ಹೇಳುವಲ್ಲಿ ಒಂದು ಷರತ್ತು ಸೇರಿಸಿತು. ಚಿತ್ರವೊಂದರಲ್ಲಿ ಒಬ್ಬರ ಪಾಲು ಪ್ರಾಸಂಗಿಕವಾದದ್ದಾಗಿದ್ದು, ಉದ್ಯಮದ ರೂಢಿಯಂತೆ ಅವರ ಹೆಸರು ಕ್ರೆಡಿಟ್‌ನಲ್ಲಿ ಎಲ್ಲೂ ಬರುವುದಿಲ್ಲವಾದರೆ, ಅವರನ್ನು ಪ್ರದರ್ಶಕರೆಂದು ಪರಿಗಣಿಸುವಂತಿಲ್ಲ. ಆ ಸಾಲು ಮೊದಲ ಸಲ ಓದಿದಾಗ ಚಿಕ್ ಚಾಕಲೇಟ್ ನೆನಪಾದರು. ನಲವತ್ತು ವರ್ಷ ಹೆಸರು ಹಾಕದೆ ಇದ್ದದ್ದು ಉದ್ಯಮದ ರೂಢಿ. ಹೆಸರಿಲ್ಲ, ಆದ್ದರಿಂದ ಹಕ್ಕೂ ಇಲ್ಲ ಎಂದು ಈಗ ಆ ರೂಢಿಯನ್ನೇ ಅಳತೆಗೋಲಾಗಿಸಬಹುದು. ಮೊದಲು ಗಾಯಕರ ಹಕ್ಕುಗಳ ಸಂಘವಾಗಿ ಶುರುವಾದದ್ದು ಈಚೆಗೆ ತನ್ನ ಹೆಸರಿಗೆ ‘ಮ್ಯೂಸಿಷಿಯನ್ಸ್’ ಎಂಬ ಪದವನ್ನೂ ಸೇರಿಸಿಕೊಂಡಿದೆ. ಒಂದು ಪದ ಸೇರಲು ಇಷ್ಟು ಕಾಲ.

ನಮ್ಮ ಕಣ್ಣೆದುರಿನ ದೆಹಲಿ ಬೇರೆ ಆಗಿದೆ. 2015ರಲ್ಲಿ ಸಫ್ದರ್‌ಜಂಗ್ ಎನ್‌ಕ್ಲೇವಿನಲ್ಲಿ ಶುರುವಾದ ಪಿಯಾನೋ ಮ್ಯಾನ್ ಕ್ಲಬ್ಬು ಗುರುಗ್ರಾಮಕ್ಕೂ ಬಂತು. ಗ್ರೇಟರ್ ನೋಯ್ಡಾದ ಗ್ಲೋಬಲ್ ಮ್ಯೂಸಿಕ್ ಇನ್‌ಸ್ಟಿಟ್ಯೂಟಿನಲ್ಲಿ ಹುಡುಗ ಹುಡುಗಿಯರು ಜಾಝ್ ಹಾರ್ಮನಿಯನ್ನು ಪಠ್ಯವಾಗಿ ಓದುತ್ತಾರೆ. ಗೋವಾದ ಚರ್ಚಿನ ಶಾಲೆ ಮಾಡುತ್ತಿದ್ದ ಕೆಲಸವನ್ನು ಈಗ ಎಕ್ಸ್‌ಪ್ರೆಸ್‌ವೇ ಪಕ್ಕದ ಕ್ಯಾಂಪಸ್ಸು ಮಾಡುತ್ತಿದೆ. ಕಲಿತವರ ಹೊಟ್ಟೆಪಾಡು ಮಾತ್ರ ಹಳೆಯದೇ: ವಾರದ ನಡುವೆ ಜಾಝ್, ಶನಿವಾರ ಯಾವುದೋ ಗಾಯಕನ ಹಿಂದೆ ಮದುವೆಯ ವೇದಿಕೆ.

ಜಾಝ್‌ನಲ್ಲಿ ಒಂದು ಪದ್ಧತಿ ಇದೆ. ಒಬ್ಬರು ತಮ್ಮ ಸರದಿಯ ನುಡಿಸಾಣಿಕೆ ಮುಗಿಸಿದಾಗ ತಂಡದ ಮುಂದಾಳು ಅವರ ಹೆಸರು ಕೂಗುತ್ತಾರೆ, ಜನ ಆಗಲೇ ಚಪ್ಪಾಳೆ ತಟ್ಟುತ್ತಾರೆ. ಹಾಡು ಮುಗಿಯುವವರೆಗೆ ಕಾಯುವುದಿಲ್ಲ. ಕಳೆದ ಚಳಿಗಾಲದಲ್ಲಿ ಗುರುಗ್ರಾಮದ ಮಾಲೊಂದರ ಅಂಗಳದಲ್ಲಿ ಹಿಂದಿ ಹಾಡುಗಳ ಸಂಜೆ ನಡೆಯುತ್ತಿತ್ತು. ಹಾಡುಗಾರ್ತಿ ಹಳೆಯ ಆರ್.ಡಿ. ಬರ್ಮನ್ ಹಾಡೊಂದರ ನಡುವೆ ನಿಂತು, ಎಂಟು ಆವರ್ತ ಸ್ಯಾಕ್ಸೋಫೋನಿನ ಹುಡುಗನಿಗೆ ಬಿಟ್ಟುಕೊಟ್ಟಳು. ಅವನು ನುಡಿಸಿ ಮುಗಿಸಿದ ಕೂಡಲೇ ಅವನ ಹೆಸರನ್ನೂ ಊರನ್ನೂ ಮೈಕಿನಲ್ಲಿ ಹೇಳಿದಳು. ಊರು ಶಿಲ್ಲಾಂಗ್. ಮೋಮೋ ತಿನ್ನುತ್ತಿದ್ದವರು ತಟ್ಟೆ ಕೆಳಗಿಟ್ಟು ಚಪ್ಪಾಳೆ ಹೊಡೆದರು. ಅವಳು ಚರಣಕ್ಕೆ ಮರಳಿದಳು.